ಸತ್ತವರು ಮಾತಾಡಬಾರದು

ಮಕ್ಕಳೆಂದರೆ ದೇವರು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಸವನ ಬಾಗೇವಾಡಿಯ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು ನಾನು, ಮಕ್ಕಳನ್ನು ಕಂಡಿದ್ದೇನೆ. ಅದಕ್ಕೂ ಮೊದಲು ನಾನೇ ಒಂದು ಮಗುವಾಗಿದ್ದೆ. ಆ ಮಗುವನ್ನಂತೂ ಒಳಗೂ ಹೊರಗೂ ಬಲ್ಲೆ. ಹನ್ನೊಂದನೆಯ ವಯಸ್ಸಿಗೆ ಅದು ಒಂದು ರಾಜ್ಯವನ್ನೇ ಕಟ್ಟಿತ್ತು. ಆ ರಾಜ್ಯದಲ್ಲಿ ಮಂತ್ರ ಹೇಗೆ ನಡೆಯಬೇಕು, ಜೀವ ಎಲ್ಲಿ ಇರಬೇಕು, ಸತ್ತವರು ಹೇಗೆ ಇರಬೇಕು ಎಂಬ ಕಾಯ್ದೆಗಳನ್ನೆಲ್ಲ ಕೂತು ಯೋಚಿಸಿ ಮಾಡಿತ್ತು. ಅದರ ಬೆಲೆ ತೆತ್ತವಳು ಮಾತ್ರ ನಾನಲ್ಲ, ನನ್ನ ಸೋದರತ್ತೆಯ ಮಗಳು.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಮ್ಮದು ಇಂಡಿ ತಾಲೂಕಿನಲ್ಲಿ ಅಗರಖೇಡದ ಹಾದಿಗಿರುವ ಸಣ್ಣ ಊರು. ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಒಂದರ ಭುಜಕ್ಕೆ ಒಂದು ಭುಜ ಹಚ್ಚಿ ನಿಂತವು. ಒಂದು ಮಾಳಿಗೆ ಹತ್ತಿದರೆ ನೆಲ ಮುಟ್ಟದೆ ಏಳೆಂಟು ಮನೆ ದಾಟಬಹುದಿತ್ತು. ನನ್ನ ರಾಜ್ಯ ಅಲ್ಲಿತ್ತು. ಪ್ರತಿ ಮಾಳಿಗೆಯ ನಡುವೆ ಕೆಳಗಿನ ಪಡಸಾಲೆಗೆ ಬೆಳಕು ಬೀಳಲೆಂದು ಬಿಟ್ಟ ಒಂದು ತೂತು, ಬೆಳಕಿಂಡಿ. ಅದರ ಅಂಚಿಗೆ ಬೋರಲಾಗಿ ಮಲಗಿದರೆ ಕೆಳಗಿನವರ ನೆತ್ತಿ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಕೆಳಗಿನವರಿಗೆ ನಾವು ಕಾಣುತ್ತಿರಲಿಲ್ಲ, ಕತ್ತೆತ್ತಿ ನೋಡಿದರೆ ಮಾತ್ರ ಕಂಡೇವು. ಆ ಜಾಗವನ್ನು ನಾನು ಸತ್ತವರಿಗೆ ಕೊಟ್ಟಿದ್ದೆ.

ಆಡುವವರು ನಾಲ್ವರು: ನಾನು, ಪಕ್ಕದ ಮನೆಯ ಅಕ್ಕತಂಗಿಯರು, ಮತ್ತು ಅತ್ತೆಯ ಮಗಳು. ಅವಳಿಗೆ ಒಂಬತ್ತು ವರ್ಷ. ಅವಳ ಮನೆ ಮುದ್ದೇಬಿಹಾಳದಲ್ಲಿ. ತಾಯಿ ಕಾಮಾಲೆಯಾಗಿ ತೀರಿಕೊಂಡ ಮೇಲೆ ತಂದೆ, ಎಂದರೆ ನಮ್ಮ ಮಾವ, ಅವಳನ್ನು ತಂದು ನಮ್ಮ ಆಯಿಯ ಹತ್ತಿರ ಬಿಟ್ಟು ಹೋಗಿದ್ದ. ಆಯಿ ಎಂದರೆ ಅಪ್ಪನ ತಾಯಿ. ತೀರಿಕೊಂಡ ಅತ್ತೆ ಆಯಿಗೆ ಒಬ್ಬಳೇ ಮಗಳು. ಹಾಗಾಗಿ ಆ ಹುಡುಗಿ ಬಂದ ದಿನದಿಂದ ಆಯಿಯ ಮಗ್ಗುಲಿನ ಜಾಗ ಅವಳದಾಯಿತು, ಹಾಲಿನ ಕೆನೆ ಅವಳದಾಯಿತು. ಅದಕ್ಕೆ ಮುಂಚೆ ಎರಡೂ ನನ್ನವಾಗಿದ್ದವು. ಇದನ್ನು ನೆಪವೆಂದು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಕಾಯ್ದೆಗಳ ವಿಷಯಕ್ಕೆ ಬರುತ್ತೇನೆ. ಈಗಲೂ ಅವುಗಳ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿದೆ, ಹೇಳಲು ನಾಚಿಕೆಯಾದರೂ. ಮಂತ್ರ ಪುಕ್ಕಟೆಯಲ್ಲ ಎಂಬುದು ಮೊದಲನೆಯದು. ಒಬ್ಬರನ್ನು ಕಲ್ಲು ಮಾಡಬೇಕೆಂದರೆ ಮಂತ್ರ ಹಾಕಿದವರು ಉಸಿರು ಹಿಡಿಯಬೇಕು. ಉಸಿರು ಹಿಡಿದಿರುವಷ್ಟು ಹೊತ್ತು ಎದುರಿನವರು ಕಲ್ಲು, ಉಸಿರು ಬಿಟ್ಟರೆ ಮತ್ತೆ ಮನುಷ್ಯರು. ಪಕ್ಕದ ಮನೆಯ ತಂಗಿ ಹೀಗೆ ಉಸಿರು ಹಿಡಿದು ಹಿಡಿದು ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಎರಡನೆಯದು, ಯಾರ ಜೀವವೂ ಮೈಯೊಳಗೆ ಇರುವುದಿಲ್ಲ, ಹೊರಗೆ ಒಂದು ವಸ್ತುವಿನಲ್ಲಿ ಬಚ್ಚಿಟ್ಟಿರಬೇಕು. ಅದನ್ನು ಇನ್ನೊಬ್ಬರು ಹುಡುಕಿ ಒಡೆದರೆ ಸತ್ತಂತೆ. ನನ್ನ ಜೀವವನ್ನು ನಾನು ಒಂದು ಜೋಳದ ಕಾಳಿನಲ್ಲಿ ಇಟ್ಟು ಆ ಕಾಳನ್ನು ತುಂಬಿದ ಜೋಳದ ಚೀಲದೊಳಗೆ ಒಗೆದಿದ್ದೆ. ಯಾವಳು ಹುಡುಕುತ್ತಾಳೆ? ಕಾಯ್ದೆ ಮಾಡುವವರು ತಮಗೊಂದು ಓಣಿ ಬಿಟ್ಟುಕೊಂಡೇ ಮಾಡುತ್ತಾರೆ. ಸತ್ತವರು ಬೆಳಕಿಂಡಿಯ ಬಳಿ ಕೂರಬೇಕು, ಊಟಕ್ಕೆ ಮಾತ್ರ ಕೆಳಗಿಳಿಯಬಹುದು. ಬದುಕಿದ್ದವರು ಅವರನ್ನು ನೋಡಬಾರದು. ಸತ್ತವರು ಎದ್ದು ಬರಬೇಕಾದರೆ ಕೊಂದವರೇ ಅವರ ಕಿವಿಯಲ್ಲಿ ಮೂರು ಸಲ ಊದಿ ತಮ್ಮ ಉಸಿರು ಕೊಡಬೇಕು.

ಕೊನೆಯ ಕಾಯ್ದೆ ಮಾಡಿದ್ದು ಆ ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಅತ್ತೆಯ ಮಗಳು ನನಗೆ ಒಂದು ಗುಟ್ಟು ಹೇಳಿದಳು. ಅವಳ ತಾಯಿ ಹಾಸಿಗೆಯಲ್ಲಿದ್ದಾಗ ಮನೆಯವರೆಲ್ಲ, "ಗಪ್ ಇರು, ನಿಮ್ಮವ್ವ ಮಲಗ್ಯಾಳ" ಎನ್ನುತ್ತಿದ್ದರಂತೆ. ಇವಳು ತಡೆಯಲಾರದೆ ಹೊಸ್ತಿಲಲ್ಲಿ ನಿಂತು ಜೋರಾಗಿ "ಯವ್ವಾ" ಎಂದು ಕೂಗಿದಳಂತೆ. ತಾಯಿ ಕಣ್ಣು ತೆರೆದು ಇವಳ ಕಡೆ ನೋಡಿ ಪ್ರಾಣ ಬಿಟ್ಟಳಂತೆ. ಅಲ್ಲಿದ್ದ ಯಾರೋ ಹೆಂಗಸು, "ನಿನ್ನ ದನಿ ಕೇಳಾಕ ಜೀವ ಹಿಡದಿದ್ಲು ನೋಡ, ಕೇಳಿ ಬಿಟ್ಲು" ಎಂದಳಂತೆ. ಆಕೆ ಸಮಾಧಾನಕ್ಕೆ ಹೇಳಿದ್ದು. ಇವಳ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು. "ನಾ ಒದರಿದ್ದಕ್ಕ ಸತ್ಲು" ಎಂದು ನನ್ನ ಕೈ ಹಿಡಿದು ಹೇಳಿದಳು, ಯಾರಿಗೂ ಹೇಳಬೇಡ ಎಂದಳು.

ನಾನು ಯಾರಿಗೂ ಹೇಳಲಿಲ್ಲ. ಮರುದಿನ ಕಾಯ್ದೆ ಮಾಡಿದೆ: ಸತ್ತವರು ಮಾತಾಡಬಾರದು. ಮಾತಾಡಿದರೆ ಆ ದನಿ ಯಾರ ಕಿವಿಗೆ ಬೀಳುತ್ತದೋ ಅವರು ಸಾಯುತ್ತಾರೆ, ಆಟದಲ್ಲಲ್ಲ, ಖರೆ ಖರೆ ಸಾಯುತ್ತಾರೆ. ಪಕ್ಕದ ಮನೆಯವರಿಬ್ಬರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ನಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದ್ದು.

ಆ ವಾರವೇ ತಾಳಿಕೋಟೆಯ ಸಂತೆಗೆ ಹೋಗಿ ಬಂದ ನಮ್ಮೂರಿನವರೊಬ್ಬರು ಸುದ್ದಿ ತಂದರು. ಮಾವ ಮತ್ತೆ ಮದುವೆಯಾಗಿದ್ದಾನೆ, ಬರುವ ಸೋಮವಾರ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ, ಮಗಳನ್ನು ಮನೆಗೆ ಒಯ್ಯುತ್ತಾನೆ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಒಯ್ಲಿ ಬಿಡ್ರಿ, ಅಪ್ಪನ ಮನಿ ಅಪ್ಪನ ಮನೀನ" ಎಂದಳು. ಆ ಹುಡುಗಿಯ ಸಂಭ್ರಮ ಕೇಳಬೇಡಿ! ಎರಡು ಲಂಗ, ಒಂದು ಹಣಿಗೆ, ಅದನ್ನೇ ಕೈಚೀಲಕ್ಕೆ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. "ನಮ್ಮಪ್ಪ ನನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡ ಬಜಾರಕ್ಕ ಒಯ್ತಾನ" ಎಂದು ದಿನಕ್ಕೆ ಹತ್ತು ಸಲ. ನಾನು ಅವಳು ಹೋಗಲಿ ಎಂದೇ ಬಯಸಿದವಳು. ಆದರೆ ಹೀಗೆ ಕುಣಿಯುತ್ತ ಹೋಗುವುದು ನನಗೆ ಸಹಿಸಲಾಗಲಿಲ್ಲ, ಅಷ್ಟೇ.

ಅವಳ ಜೀವ ಇದ್ದದ್ದು ಒಂದು ಹಸಿರು ಬಳೆಯ ಚೂರಿನಲ್ಲಿ. ತಾಯಿಯ ಕೈಯ ಬಳೆಯದು. ಮಾಳಿಗೆಯ ಅಂಚಿನ ಕುಂಬಿಗೋಡೆಯ ಒಂದು ಸಂದಿಯಲ್ಲಿ ಚಿಂದಿ ಸುತ್ತಿ ಇಟ್ಟಿದ್ದಳು. ಅವಳು ದಿನಾ ಅಲ್ಲಿ ಹೋಗಿ ಕೈಯಾಡಿಸಿ ಬರುವುದನ್ನು ನಾನು ಎಂದೋ ನೋಡಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಅದನ್ನು ತೆಗೆದು ಅವಳ ಕಣ್ಣೆದುರಿಗೇ ಹಾಸುಗಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಕುಟ್ಟಿದೆ. ಒಂದೇಟಿಗೆ ಪುಡಿಯಾಗಲಿಲ್ಲ, ನಾಲ್ಕೈದು ಸಲ ಕುಟ್ಟಬೇಕಾಯಿತು. "ಸತ್ತಿ ನೀ" ಎಂದೆ. ಅವಳು ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಹೋಗಿ ಬೆಳಕಿಂಡಿಯ ಬಳಿ ಕೂತಳು. ಪಕ್ಕದ ಮನೆಯ ಅಕ್ಕ, "ಸಾಕ್ ಬಿಡ, ನಾಳಿ ಅವರಪ್ಪ ಬರ್ತಾನ" ಎಂದಳು. ನಾನು ಅವಳನ್ನು ಉಸಿರು ಹಿಡಿದು ಕಲ್ಲು ಮಾಡಿದೆ. ಸಿಟ್ಟು ಮಾಡಿಕೊಂಡು ತಂಗಿಯನ್ನು ಎಳೆದುಕೊಂಡು ಹೋದಳು. ಅಲ್ಲಿಗೆ ನಾವಿಬ್ಬರೇ ಉಳಿದೆವು.

ಆ ದಿನವೆಲ್ಲ ಅವಳು ಮಾತಾಡಲಿಲ್ಲ. ಅಪ್ಪ ಬರುವ ಸಂತೋಷಕ್ಕೆ ಹೀಗಾಗಿದ್ದಾಳೆ ಎಂದು ಆಯಿ ನಕ್ಕಳು. ಸೋಮವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅವಳು ಬಂದು ಎದುರು ನಿಂತಳು. ಕೈ ಮುಗಿದಳು. ತನ್ನ ಕಿವಿ ತೋರಿಸಿದಳು, ನನ್ನ ಬಾಯಿ ತೋರಿಸಿದಳು. ಊದು ಎಂದು. ನಾನು ಅವಳ ಹಿಂದಿನ ಗೋಡೆ ನೋಡುತ್ತ ಬಾಯಿ ಮುಕ್ಕಳಿಸಿದೆ. ಬದುಕಿದ್ದವರು ಸತ್ತವರನ್ನು ನೋಡಬಾರದಲ್ಲ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಆ ಬೆಕ್ಕಿಗೆ ಚೆಲ್ಲಾಟ ಎಷ್ಟು ರುಚಿಯಾಗಿರುತ್ತದೆ ಎಂಬುದನ್ನು ಗಾದೆ ಮಾಡಿದವರು ಹೇಳಿಲ್ಲ. ಬಸ್ಸು ಬರುವುದು ಹನ್ನೊಂದಕ್ಕೆ. ಹತ್ತೂವರೆಗೆ ಬದುಕಿಸಿದರಾಯಿತು ಎಂದುಕೊಂಡೆ.

ಅವರು ಬಸ್ಸಿಗೆ ಬರಲೇ ಇಲ್ಲ. ಸಿಂದಗಿಯಿಂದ ಯಾರದೋ ಟ್ರಕ್ಕು ಸಿಕ್ಕಿತಂತೆ, ಒಂಬತ್ತಕ್ಕೇ ಬಾಗಿಲಲ್ಲಿ ಬಂದು ನಿಂತರು. ಮಾವ ಚಪ್ಪಲಿ ಬಿಡುವ ಮೊದಲೇ, "ಎಲ್ಲದಾಳ ನನ ಕೂಸು?" ಎಂದ. ಅವಳು ಒಳಗಿಂದ ಬಾಣದಂತೆ ಓಡಿಬಂದು ಅವನ ಕಾಲು ತಬ್ಬಿಕೊಂಡಳು. ಮರುಕ್ಷಣ ಏನೋ ನೆನಪಾದವಳಂತೆ ಹಿಂದೆ ಸರಿದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾಕ, ಅಪ್ಪನ ಮ್ಯಾಲ ಸಿಟ್ಟಾಗೀಯೇನ?" ಎಂದು ಮಾವ ನಕ್ಕ. ಚೀಲದಿಂದ ಪೇಢೆಯ ಪೊಟ್ಟಣ ತೆಗೆದ. "ಅಪ್ಪಾ ಅನ್ನು, ಕೊಡತೇನಿ."

ಅವಳು ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿದು ಬೆರಳ ಸಂದಿಯೊಳಗೆ ಹೋಗುತ್ತಿತ್ತು.

"ಒಮ್ಮಿ ಅನ್ನವಾ. ಒಂದ ಸಲ."

ಅವಳು ಇನ್ನಷ್ಟು ಗಟ್ಟಿಯಾಗಿ ಬಾಯಿ ಒತ್ತಿಕೊಂಡಳು. ಅವನ ಕಿವಿಗೆ ತನ್ನ ದನಿ ಬೀಳಬಾರದು, ಬಿದ್ದರೆ ಅವನು ಉಳಿಯುವುದಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಮಾತಾಡುವಂತಿರಲಿಲ್ಲ, ಇನ್ನೊಬ್ಬಳು ಬಾಗಿಲ ಕಂಬಕ್ಕೆ ಒರಗಿ ನೋಡುತ್ತಿದ್ದಳು.

ಹೊಸ ಹೆಂಡತಿ ಹತ್ತೊಂಬತ್ತೋ ಇಪ್ಪತ್ತೋ ವರ್ಷದವಳು. ಕೆಟ್ಟವಳೇನಲ್ಲ, ಈ ಹುಡುಗಿಗೆಂದು ಗುಲಾಬಿ ಬಣ್ಣದ ಫ್ರಾಕು ತಂದಿದ್ದಳು. ಅದನ್ನು ತೋರಿಸಲು ಬಗ್ಗಿದಳು. ಅವಳ ಕೊರಳಲ್ಲಿ ತಾಳಿಯ ಜೊತೆ ಒಂದು ಬೆಳ್ಳಿಯ ಪುಟ್ಟ ಮುಖ ತೂಗುತ್ತಿತ್ತು. ನಮ್ಮ ಕಡೆ ಎರಡನೆಯವಳಾಗಿ ಹೋದವಳು ಸತ್ತ ಮೊದಲನೆಯವಳ ಗುರುತಿಗೆ ಇಂಥದ್ದೊಂದು ಮುಖ ಮಾಡಿಸಿ ಕಟ್ಟಿಕೊಳ್ಳುತ್ತಾಳೆ. ಹಬ್ಬಕ್ಕೆ ಮೊದಲು ಅದಕ್ಕೆ ಕುಂಕುಮ, ಆಮೇಲೆ ತನಗೆ. ಇಲ್ಲದಿದ್ದರೆ ಸತ್ತ ಸವತಿ ಕಾಡುತ್ತಾಳೆಂದು ನಂಬಿಕೆ. ಹುಡುಗಿಗೆ ಆಯಿ ಹಿಂದಿನ ದಿನವಷ್ಟೇ, "ಆಕಿ ಕೊಳ್ಳಾಗ ನಿಮ್ಮವ್ವ ಇರ್ತಾಳ, ಹೆದರಬ್ಯಾಡ" ಎಂದು ಧೈರ್ಯ ಹೇಳಿದ್ದಳು. ಹುಡುಗಿ ಆ ಬೆಳ್ಳಿಯ ಮುಖ ನೋಡಿದಳು. ಬಾಯಿಂದ ಒಂದು ಕೈ ತೆಗೆದು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ.

"ಅಯ್ಯ ಯವ್ವಾ!" ಎಂದು ಆ ಹೆಂಗಸು ಕಿರುಚಿದಳು. ಎಳೆದರೂ ಬಿಡದು, ಮಾತಾಡದು, ಕಣ್ಣು ಮಾತ್ರ ಬೆಳ್ಳಿಯ ಮೇಲೆ. ಆಯಿ ಅಡುಗೆಮನೆಯಿಂದ ಬಂದವಳು ಇದನ್ನು ಕಂಡು ಹಾಗೇ ನಿಂತಳು. ಅವಳ ಕೈಯ ಸೌಟು ಬಿತ್ತು. "ಬಂದ್ಯಾ ನನ ಮಗಳ?" ಎಂದಳು. "ಕೂಸಿನ ಮೈಯಾಗ ಬಂದೇನ ತಾಯಿ? ಏನ ಬೇಕ ನಿನಗ, ಹೇಳ." ಆ ದನಿಯಲ್ಲಿ ಭಯವಿರಲಿಲ್ಲ, ಆಸೆಯಿತ್ತು. ಸತ್ತ ಮಗಳು ಒಂದೇ ಒಂದು ಮಾತಾಡಿದರೆ ಸಾಕಾಗಿತ್ತು ಅವಳಿಗೆ. ಮೊಮ್ಮಗಳ ಗದ್ದ ಹಿಡಿದು, ಮುಖ ಎತ್ತಿ ಎತ್ತಿ, ಮಗಳ ಹೆಸರು ಹಿಡಿದು ಕರೆದಳು. ಹುಡುಗಿ ಬೆಳ್ಳಿಯ ಮುಖ ಬಿಟ್ಟು, ಆಯಿಯನ್ನು ದೂಡಿ ಮೂಲೆಗೆ ಹೋದಳು. ಆಯಿಯ ಕಿವಿ ಇನ್ನೂ ಹತ್ತಿರವಿತ್ತಲ್ಲ.

ಅಷ್ಟಾದ ಮೇಲೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ತಾಯತ ಕಟ್ಟುವ ಮುದುಕನೊಬ್ಬ ತೋಟದ ವಸತಿಯಲ್ಲಿದ್ದ, ಅವನನ್ನು ಕರೆಸಿದರು. ಅಪ್ಪ ನನ್ನನ್ನು, "ನೀ ಮ್ಯಾಲ ನಡಿ, ಇಲ್ಲಿ ನಿಂದರಬ್ಯಾಡ" ಎಂದು ಗದರಿಸಿ ಮಾಳಿಗೆಗೆ ಅಟ್ಟಿದ. ನಾನು ಬೆಳಕಿಂಡಿಯ ಅಂಚಿಗೆ ಬೋರಲಾಗಿ ಮಲಗಿದೆ. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಹೊಟ್ಟೆಯನ್ನು ಸುಡುತ್ತಿತ್ತು.

ಕೆಳಗೆ ಮೆಣಸಿನಕಾಯಿ ಹೊಗೆ ಹಾಕಿದರು. ಅದು ಮೇಲೆ ನನ್ನವರೆಗೂ ಬಂತು, ನಾನು ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡೆ. ಅವಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಮಾತಾಡಲಿಲ್ಲ. "ಯಾರ ನೀ? ಬಾಯಿ ಬಿಡ! ಬಿಟ್ಟರ ಬಿಡತೇನಿ" ಎಂದು ಮುದುಕ ಚಪ್ಪಲಿಯಿಂದ ಹೊಡೆದ. ಮಾವ ಒಂದೆರಡು ಸಲ, "ಸಾಕ್ರಿ, ಸಾಕ್ ಮಾಡ್ರಿ" ಎಂದ. "ಕೂಸಿಗೆ ಹೊಡಿಯಾಕತ್ತಿಲ್ಲಪಾ, ಒಳಗಿದ್ದದ್ದಕ್ಕ ಹೊಡಿಯಾಕತ್ತೇನಿ" ಎಂದ ಮುದುಕ. ಆಮೇಲೆ ಕುಡುಗೋಲಿನ ತುದಿ ಕಾಸಿ ತಂದರು.

ಆಗ ಅವಳು ಮೇಲೆ ನೋಡಿದಳು. ನಾನಿರುವ ಜಾಗ ಅವಳಿಗೆ ಗೊತ್ತಿತ್ತು, ಅದು ಅವಳದೇ ಜಾಗವಾಗಿತ್ತಲ್ಲ. ತಲೆ ಓರೆ ಮಾಡಿ ಕಿವಿಯನ್ನು ನನ್ನ ಕಡೆ ತಿರುಗಿಸಿದಳು. ಅಲ್ಲಿಂದಲೇ ಊದಿದ್ದರೂ ಸಾಕಿತ್ತು. "ಬದುಕಿದಿ" ಎಂದು ಒಂದು ಶಬ್ದ ಒದರಿದ್ದರೆ ಸಾಕಿತ್ತು. ಹೆದರಿದ್ದೆ ಎಂದು ಹೇಳಿ ಪಾರಾಗಬಹುದು. ಹೆದರಿದ್ದೂ ಸುಳ್ಳಲ್ಲ, ಅಪ್ಪನ ಕೈ ಭಾರವಿತ್ತು. ಆದರೆ ಆ ಹೆದರಿಕೆಯ ಕೆಳಗೆ ಇನ್ನೊಂದಿತ್ತು. ನಾನು ಕಲ್ಪಿಸಿದ ಒಂದು ಮಾತು ಕೆಳಗೆ ನಿಜವಾಗಿ ನಡೆಯುತ್ತಿತ್ತು. ದೊಡ್ಡವರು, ತಾಯತದ ಮುದುಕ, ಕಾದ ಕಬ್ಬಿಣ, ಎಲ್ಲವೂ ಅದನ್ನು ಮುರಿಯಲಾರದೆ ಒದ್ದಾಡುತ್ತಿದ್ದವು. ಎಲ್ಲಿಯವರೆಗೆ ಹೋಗುತ್ತದೋ ನೋಡಬೇಕೆನಿಸಿತು. ಥೂ! ಇಷ್ಟು ವರ್ಷವಾದರೂ ಆ ಕ್ಷಣದ ನನ್ನ ಮೇಲೆ ನಾನೇ ಉಗಿಯುತ್ತೇನೆ, ಆದರೂ ನೋಡಬೇಕೆನಿಸಿದ್ದು ನಿಜ. ಎಡ ಮೊಣಕೈಯ ಕೆಳಗೆ ಬರೆ ಹಾಕಿದರು. ಅವಳು ತನ್ನ ಬಲಗೈಯನ್ನೇ ಕಚ್ಚಿಕೊಂಡಳು.

ಮುದುಕ ಸೋತ. ಸೋತದ್ದನ್ನು ಒಪ್ಪಿಕೊಳ್ಳುವ ಜಾತಿಯಲ್ಲ ಅವನದು. "ಇದು ತಾಯಿ ಜೀವ, ಹಟದ್ದು" ಎಂದ. "ಈ ಕೂಸು ಆ ಮನಿ ಹೊಸ್ತಲಾ ದಾಟಬಾರದು. ದಾಟಿದರ ಹೊಸಾಕಿ ಹೊಟ್ಟ್ಯಾಗ ಕೂಸು ನಿಲ್ಲೂದಿಲ್ಲ." ಹೊಸ ಹೆಂಡತಿ ಅಷ್ಟು ಹೊತ್ತು ಬೆಳ್ಳಿಯ ಮುಖವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಎದ್ದು, "ನಾ ಬಸ್ ಸ್ಟ್ಯಾಂಡಿಗೆ ನಡೀತೇನ್ರಿ" ಎಂದಳು. ಮಾವ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಆರಾಮ ಆಗು. ಆಮ್ಯಾಲ ಬಂದ ಒಯ್ತೇನಿ" ಎಂದ. ಒಂದು ಸಲ ಕಾದ. ಅವಳು ಬಾಯಿಂದ ಕೈ ತೆಗೆಯಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅವರು ಹೋದರು, ಬಸ್ಸಿನ ಧೂಳು ಹಾದಿಯ ತಿರುವಿನವರೆಗೂ ನನಗೆ ಮೇಲಿಂದ ಕಂಡಿತು.

ಆಮೇಲೆ ಇಳಿದೆ. ಅವಳು ಪಡಸಾಲೆಯ ಮೂಲೆಯಲ್ಲಿ ಒಬ್ಬಳೇ ಇದ್ದಳು. ಬರೆಗೆ ಯಾರೋ ಬೆಣ್ಣೆ ಹಚ್ಚಿದ್ದರು. ಪಕ್ಕದಲ್ಲಿ ಕೂತು ಕಿವಿಯಲ್ಲಿ ಮೂರು ಸಲ ಊದಿದೆ. "ನನ್ನ ಉಸರ ನಿನಗ. ಬದುಕಿದಿ. ಮಾತಾಡ" ಎಂದೆ. ಅವಳು ಹೌದೇ ಎಂಬಂತೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

"ನಮ್ಮಪ್ಪ ಅದಾನಿಲ್ಲೋ?" ಎಂದಳು. ಎರಡು ದಿನ ಮುಚ್ಚಿದ್ದ ಗಂಟಲು, ದನಿ ಒಡೆದಿತ್ತು.

"ಅದಾನ."

"ಏನೂ ಆಗಿಲ್ಲಲಾ ಅವಗ?"

"ಏನೂ ಆಗಿಲ್ಲ. ಬಸ್ಸ ಹತ್ತಿ ಹ್ವಾದ."

ಅವಳ ಮುಖ ಅರಳಿತು. "ನಾ ಒಂದ್ ಸಲಾನೂ ಮಾತಾಡ್ಲಿಲ್ಲ. ನೋಡಿದೆಲಾ ನೀ? ಬರಿ ಹಾಕಿದಾಗೂ ಮಾತಾಡ್ಲಿಲ್ಲ."

"ನೋಡಿದೆ" ಎಂದೆ.

ದನಿ ಕೇಳಿ ಆಯಿ ಓಡಿಬಂದಳು. "ಮಾತಾಡಿದ್ಯಾ ನನ್ನವ್ವ, ಏನಾಗಿತ್ತ ನಿನಗ?" ಎಂದು ತಬ್ಬಿಕೊಂಡಳು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ನಾ ಸತ್ತಿದ್ದೆ ಆಯಿ. ಮಾತಾಡಿದ್ದರ ಅಪ್ಪ ಸಾಯ್ತಿದ್ದ." ಆಯಿಯ ಮುಖ ಬಿಳಿಚಿತು. ಮುದುಕ ಹೇಳಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು? ನನ್ನ ಕಡೆ ತಿರುಗಿ, "ಏನಂತಾಳ ಇಕಿ?" ಎಂದಳು. "ನನಗೇನ ಗೊತ್ತು" ಎಂದೆ. ಆ ಮಾತು ಮುದ್ದೇಬಿಹಾಳದವರೆಗೂ ಹೋಯಿತು, ಯಾರ ಬಾಯಿಂದ ಹೋಯಿತೋ, ಸತ್ತವಳು ಮಗಳ ಬಾಯಿಂದ ಗಂಡನಿಗೆ ಸಾವು ಬಯಸಿದಳು ಎಂದಾಗಿ ಹೋಯಿತು.

ಮರುದಿನ ಅವಳು ಕೈಚೀಲ ತಂದು ನನ್ನ ಮುಂದಿಟ್ಟಳು. ಅದರಲ್ಲಿ ಆ ಗುಲಾಬಿ ಫ್ರಾಕೂ ಸೇರಿತ್ತು. "ನಿನ್ನ ಅಕ್ಷರ ಛಲೋ ಅದಾವ" ಎಂದಳು. "ಅಪ್ಪಗ ಒಂದ ಕಾರ್ಡ ಬರಿ. ನಾ ಜೀವಂತ ಇದ್ದೇನಿ, ಈಗ ಮಾತಾಡತೇನಿ, ಬಂದ ಒಯ್ಯಿ ಅಂತ ಬರಿ."

ಬರೆಯಬೇಕೆಂದರೆ ಕಾಯ್ದೆಯನ್ನೂ ಬರೆಯಬೇಕು, ಕಾಯ್ದೆ ಮಾಡಿದವಳ ಹೆಸರನ್ನೂ ಬರೆಯಬೇಕು. "ನಾಳಿ ಬರೀತೇನಿ" ಎಂದೆ. ಮರುದಿನ, ಬರೆಯದೆಯೇ, "ಹಾಕಿದೆ" ಎಂದೆ. ಆ ಬೇಸಿಗೆಯೆಲ್ಲ, ಟಪಾಲಿನವ ಸೈಕಲ್ಲು ಇಳಿದಾಗಲೆಲ್ಲ ಅವಳು ಫ್ರಾಕು ಹಾಕಿಕೊಂಡು ಬಾಗಿಲಿಗೆ ಬಂದು, "ನಮ್ಮಪ್ಪಂದು ಬಂದೈತೇನ್ರಿ?" ಎಂದು ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳುತ್ತಿದ್ದಳು.